ಅರ್ಧ ಗೋಡೆಯನ್ನು ಉಳಿಸಲು ಹೊರಟವರಿಗೆ

ನಗರ ಅಭಿವೃದ್ಧಿ ಮತ್ತು ಪರಂಪರೆ ಸಂರಕ್ಷಣಾ ಪ್ರಾಧಿಕಾರದ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಬರುವ ಗುರುವಾರ ನಿಮ್ಮ ಪ್ರಾಧಿಕಾರದವರು ನನ್ನ ಮನೆಯ ಒಂದು ಗೋಡೆಯನ್ನು ಉದ್ದಕ್ಕೆ ಸೀಳಲಿದ್ದಾರೆ. ಗೋಡೆಯ ಈಚೆ ಅರ್ಧ ಪರಂಪರೆಯಂತೆ, ಅದನ್ನು ಮುಟ್ಟುವಂತಿಲ್ಲ. ಆಚೆ ಅರ್ಧ ಅಡಚಣೆಯಂತೆ, ಅದನ್ನು ಉಳಿಸುವಂತಿಲ್ಲ. ನಿಮ್ಮ ನಕ್ಷೆಯ ಕೆಂಪು ಗೆರೆ ಆ ಗೋಡೆಯ ನಟ್ಟನಡುವೆ ಹಾದುಹೋಗಿದೆ. ಅದು ಒಂದೇ ಗೋಡೆ, ಸ್ವಾಮಿ. ಒಂದೂವರೆ ಮೊಳ ದಪ್ಪದ, ಮಣ್ಣು ಸುಣ್ಣ ಕಲಸಿ ಕಟ್ಟಿದ, ಎರಡು ಮನೆಗಳ ತೊಲೆಗಳನ್ನು ಒಂದೇ ಹೆಗಲ ಮೇಲೆ ಹೊತ್ತ ಗೋಡೆ. ಅದನ್ನು ಸೀಳಿದರೆ ಎರಡು ಮನೆಗಳೂ ಬೀಳುತ್ತವೆ. ಇದನ್ನು ನಿಮ್ಮ ಕಚೇರಿಯ ಒಂದೊಂದು ಮೇಜಿನ ಮುಂದೆಯೂ ನಿಂತು ಹೇಳಿ ನನ್ನ ನಾಲಿಗೆ ಒಣಗಿತು. ಅದಕ್ಕೇ ಈಗ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹಾಸಿಗೆ ಹೊಲಿಯುವವಳು. ಓದಿದ್ದು ಹೈಸ್ಕೂಲಿನವರೆಗೆ. ದಿನಚರಿಯಲ್ಲಿ ನಾಲ್ಕು ಸಾಲು ಬರೆದು ಮಲಗುವ ಅಭ್ಯಾಸವಿದೆಯೇ ಹೊರತು ದೊಡ್ಡವರಿಗೆ ಪತ್ರ ಬರೆದು ಗೊತ್ತಿಲ್ಲ. ಯಜಮಾನರು ತೀರಿಹೋದ ಮೇಲೆ ಆ ನಾಲ್ಕು ಸಾಲೂ ಎಷ್ಟೋ ದಿನ ಒಂದಕ್ಕೇ ನಿಂತುಹೋಗಿವೆ. ಆದ್ದರಿಂದ ಈ ಪತ್ರದಲ್ಲಿ ಎಲ್ಲಿ ನಯ ತಪ್ಪಿದೆಯೋ ಅಲ್ಲಿ ದುಃಖವಿದೆ ಎಂದು ತಿಳಿಯಿರಿ. ಎಲ್ಲಿ ನಯ ಹೆಚ್ಚಾಗಿದೆಯೋ ಅಲ್ಲಿ ಸಿಟ್ಟಿದೆ ಎಂದು ತಿಳಿಯಿರಿ.

ನೀವು ನಮ್ಮ ಬೀದಿಗೆ ಬಂದವರಲ್ಲವಾದ್ದರಿಂದ ಹೇಳುತ್ತೇನೆ. ಹಳೇ ಊರಿನ ಒಂದು ಸಾಲುಬೀದಿ ನಮ್ಮದು. ದೊಡ್ಡ ರಸ್ತೆಯಿಂದ ಉದ್ದನೆಯ ಓಣಿಯೊಂದನ್ನು ಹಾದು ಬಂದರೆ ಬೀದಿಯ ಬಾಯಿ, ಅಲ್ಲೇ ನನ್ನ ಮನೆ. ಮುಂದೆ ಜಗಲಿ, ಜಗಲಿಗೆ ಕೆತ್ತನೆಯ ಮರದ ಕಂಬಗಳು, ಒಳಗೆ ಹತ್ತಿಯನ್ನು ಹಿಂಜಿ ಎಕ್ಕುವ ಕೋಣೆ, ಅದರ ಹಿಂದೆ ನಾವು ಇರುವ ಕೋಣೆ. ನನ್ನ ಮನೆಗೆ ಅಂಟಿಕೊಂಡೇ ಬ್ರೆಡ್ಡಿನ ಭಟ್ಟಿ. ಅದರಾಚೆಗೆ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಉಳಿದ ಮನೆಗಳು. ನಿಮ್ಮ ಯೋಜನೆಯಲ್ಲಿ ನನ್ನ ಮನೆಗೆ, ಕಂಬಗಳ ದಯೆಯಿಂದ, ‘ಪಾರಂಪರಿಕ ಕಟ್ಟಡ’ ಎಂಬ ಬಿರುದು ಸಿಕ್ಕಿದೆ. ಭಟ್ಟಿಯಿಂದ ಹಿಡಿದು ಉಳಿದ ಸಾಲೆಲ್ಲ ನೆಲಸಮ. ಅಲ್ಲಿ ಏಳುವುದು ಬಹುಮಹಡಿ ವಾಹನ ನಿಲ್ದಾಣ. ಯಾರ ವಾಹನಕ್ಕೆ? ಹಳೇ ಬೀದಿಯನ್ನು ನೋಡಲು ಬರುವವರ ವಾಹನಕ್ಕೆ. ಅವರು ನೋಡಬೇಕಾದ ಹಳೇ ಬೀದಿ ಎಲ್ಲಿ? ಅವರ ವಾಹನ ನಿಲ್ಲಬೇಕೆಂದೇ ಅದನ್ನು ಕೆಡವುತ್ತಿದ್ದೀರಲ್ಲ! ಮದುವೆಗೆ ಬಂದ ನೆಂಟರಿಗೆ ಜಾಗ ಸಾಲದೆಂದು ಹುಡುಗ ಹುಡುಗಿಯನ್ನೇ ಹೊರಗೆ ಕಳಿಸಿದ ಹಾಗಾಯಿತು.

ಭಟ್ಟಿ ನಡೆಸುವವರನ್ನು ಬೀದಿಯೆಲ್ಲ ಭಟ್ಟಿ ಅಣ್ಣ ಎಂದೇ ಕರೆಯುತ್ತದೆ. ಅವರ ಹೆಂಡತಿ ನನಗೆ ಅತ್ತಿಗೆ. ರಕ್ತಸಂಬಂಧವಲ್ಲ, ಗೋಡೆಸಂಬಂಧ. ನಿಮ್ಮ ಅಳತೆಗಾರರು ಮೊದಲ ಸಲ ಬಂದಾಗ ಅವರ ಮನೆಯ ಮುಂದೆ ‘ಅನಧಿಕೃತ ಭಟ್ಟಿ’ ಎಂದು ಬರೆದುಕೊಂಡು ಹೋದರು. ಆ ಎರಡು ಪದಗಳನ್ನು ಯಾರು ಹೇಗೆ ಓದಿದರೋ, ಮುಂದಿನ ವಾರ ಇಬ್ಬರು ಪೊಲೀಸರು ಮೂಗು ಅರಳಿಸಿಕೊಂಡು ಬಂದರು.

“ಎಲ್ಲಯ್ಯಾ ಮಾಲು?”

“ಒಳಗಿದೆ ಸ್ವಾಮಿ. ಈಗ್ತಾನೇ ಇಳಿಸಿದ್ದು, ಬಿಸಿ ಇದೆ.”

“ಎಷ್ಟು ಲೀಟರು?”

“ಲೀಟರ್ ಲೆಕ್ಕ ನನಗೆ ಗೊತ್ತಿಲ್ಲ ಸ್ವಾಮಿ. ನಾನು ಡಜನ್ ಲೆಕ್ಕದಲ್ಲಿ ಮಾರೋನು. ಬನ್ನು.”

ಒಳಗಿನಿಂದ ಅತ್ತಿಗೆಯ ದನಿ ಬಂತು: “ಕೈಗೆ ಎರಡೆರಡು ಕೊಟ್ಟು ಕಳ್ಸ್ರೀ. ಬಂದ ದಾರಿಗೆ ಸುಂಕ ಇಲ್ಲ ಅಂತ ಅವರಿಗೆ ಬೇಜಾರಾಗ್ಬಾರ್ದು.”

ಪೊಲೀಸರೂ ನಕ್ಕರು. ಬೀದಿಯೆಲ್ಲ ಒಟ್ಟಿಗೆ ಮನಸಾರೆ ನಕ್ಕ ಕೊನೆಯ ದಿನ ಅದು. ಕಳ್ಳಭಟ್ಟಿಯೆಂಬ ಅನುಮಾನ ಅಂದೇ ಹೋಯಿತು. ಆದರೆ ‘ಅನಧಿಕೃತ’ ಎಂಬ ಪದ ಮಾತ್ರ ನಿಮ್ಮ ಕಡತದಲ್ಲಿ ಹಾಗೇ ಕೂತಿತು. ಭಟ್ಟಿ ಅಣ್ಣನ ತಾತ ಆ ಭಟ್ಟಿ ಕಟ್ಟಿದ ಕಾಲದಲ್ಲಿ ನಿಮ್ಮ ಪ್ರಾಧಿಕಾರವೇ ಹುಟ್ಟಿರಲಿಲ್ಲ. ಇಲ್ಲದ ಕಚೇರಿಯಿಂದ ಅವರು ಅನುಮತಿ ಪಡೆಯುವುದು ಹೇಗೆ?

ಈಗ ಗೋಡೆಯ ವಿಷಯ. ಭಟ್ಟಿಯ ಬೆನ್ನು ನಮ್ಮ ಗೋಡೆಗೆ ಆತುಕೊಂಡಿದೆ. ಬೆಳಗಿನ ಜಾವ ಅವರು ಅಲ್ಲಿ ಸೌದೆ ಹಚ್ಚಿದರೆ ನಮ್ಮ ಒಳಕೋಣೆಯ ಗೋಡೆ ನಿಧಾನವಾಗಿ ಬೆಚ್ಚಗಾಗುತ್ತದೆ. ಸುಡುವಷ್ಟಲ್ಲ, ಜ್ವರ ಬಿಟ್ಟ ಮಗುವಿನ ಬೆನ್ನಿನಷ್ಟು. ಎಕ್ಕಿದ ಹತ್ತಿಯನ್ನು ಆ ಗೋಡೆಯ ಬುಡದಲ್ಲಿ ಹರಡಿದರೆ ಮಳೆಗಾಲದಲ್ಲೂ ಗಂಟು ಕಟ್ಟುವುದಿಲ್ಲ. ನಮ್ಮ ಹಾಸಿಗೆಗೆ ಹೆಸರು ಬಂದಿದ್ದು ಇದರಿಂದಲೇ. ನಮ್ಮ ಅತ್ತೆಯವರು ಹೊಸ ಹಾಸಿಗೆ ಕೊಡುವಾಗ ಗಿರಾಕಿಗೆ ಹೇಳುತ್ತಿದ್ದರಂತೆ: “ಹತ್ತಿ ನಮ್ದು, ಬಿಸಿ ಪಕ್ಕದ ಮನೇದು. ನಿದ್ದೆ ಬರ್ಲಿಲ್ಲ ಅಂದ್ರೆ ಇಬ್ಬರನ್ನೂ ಬೈಯ್ರಿ.” ಹಾಗೆಯೇ ಅವರ ಕಡೆಯೂ. ನಮ್ಮ ಮನೆ ಬೀದಿಯ ತುದಿಯಲ್ಲಿ ಗಾಳಿಮಳೆಗೆ ಮೈಯೊಡ್ಡಿ ನಿಂತಿದೆ, ಆದ್ದರಿಂದಲೇ ಅವರ ಭಟ್ಟಿಗೆ ಥಂಡಿ ತಟ್ಟುವುದಿಲ್ಲ. ಈ ಗೋಡೆ ಯಾರದ್ದು ಎಂದು ನಿಮ್ಮವರು ಕೇಳಿದರು. ನಾವಿಬ್ಬರೂ ಒಟ್ಟಿಗೆ “ಅವರದ್ದು” ಎಂದೆವು. ನಾವು ಅವರದ್ದೆಂದು, ಅವರು ನಮ್ಮದೆಂದು. ಎರವಲು ಪಡೆದವರು ಹೇಳುವ ಮಾತು ಅದು. ನಿಮ್ಮವರು ಅದನ್ನು ಇಬ್ಬರಿಗೂ ಬೇಡವಾದ ಗೋಡೆ ಎಂದು ಅರ್ಥಮಾಡಿಕೊಂಡು ಮಧ್ಯಕ್ಕೆ ಗೆರೆ ಎಳೆದರು. ನಮ್ಮ ಸೌಜನ್ಯವೇ ನಮ್ಮ ಕುತ್ತಿಗೆಗೆ ಬಂತು.

ನನ್ನ ಯಜಮಾನರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹತ್ತಿ ಎಕ್ಕಿದವರು. ಹತ್ತಿಯ ಧೂಳು ಅವರ ಎದೆಯಲ್ಲಿ ಮನೆ ಮಾಡಿತ್ತು. ಹೋದ ವರ್ಷ ಒಂದು ಸಂಜೆ ಉಸಿರೇ ಕಟ್ಟಿಹೋಯಿತು. ಆಂಬುಲೆನ್ಸ್ ಬಂತು, ಆದರೆ ನಮ್ಮ ಬೀದಿಯ ಬಾಯಲ್ಲಿ ತಿರುಗಲು ಜಾಗವಿಲ್ಲವೆಂದು ಓಣಿಯಾಚೆಯ ದೊಡ್ಡ ರಸ್ತೆಯಲ್ಲೇ ನಿಂತಿತು. ಭಟ್ಟಿ ಅಣ್ಣ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಇನ್ನೂ ಮೂವರು ಸೇರಿ, ಗಿರಾಕಿಗೆಂದು ಹೊಲಿದಿಟ್ಟಿದ್ದ ಹೊಸ ಹಾಸಿಗೆಯ ಮೇಲೇ ಅವರನ್ನು ಮಲಗಿಸಿ, ನಾಲ್ಕು ಮೂಲೆ ಹಿಡಿದು ಹೊತ್ತುಕೊಂಡು ಹೋದರು. ಅಂದು ಜೀವ ಉಳಿಯಿತು. ಆದರೆ ಆಸ್ಪತ್ರೆಯಿಂದ ಮರಳಿದ ಮೇಲೆ ಅವರು ಎದ್ದು ಓಡಾಡಲಿಲ್ಲ. ಮಂಚವನ್ನು ಆ ಗೋಡೆಗೆ ಒತ್ತಿ ಹಾಕಿಸಿಕೊಂಡರು. ಬೆಚ್ಚಗಿನ ಒಣ ಗಾಳಿಯಲ್ಲಿ ಉಸಿರು ಸ್ವಲ್ಪ ಸಲೀಸು ಎನ್ನುತ್ತಿದ್ದರು. ಎಚ್ಚರವಾದ ಕೂಡಲೇ ಅಂಗೈಯನ್ನು ಗೋಡೆಗೆ ಇಟ್ಟು, “ಅಣ್ಣ ಎದ್ದಾಯ್ತು ಕಣೇ” ಎಂದು ನನ್ನನ್ನು ಎಬ್ಬಿಸುವರು. ಒಂದು ದಿನ ಭಟ್ಟಿ ಹಚ್ಚುವುದು ತಡವಾಗಿದ್ದಕ್ಕೆ, “ಇವತ್ತು ಅತ್ತಿಗೆ ಹತ್ರ ಬೈಸ್ಕೊಂಡಿದ್ದಾನೆ ನೋಡು” ಎಂದು ಕೆಮ್ಮುತ್ತಲೇ ನಕ್ಕಿದ್ದರು.

ಅವರು ಹೋದ ದಿನ, ಮರ್ಯಾದೆಗೆಂದು ಭಟ್ಟಿ ಅಣ್ಣ ಒಲೆ ಹಚ್ಚಲಿಲ್ಲ. ಮರುದಿನವೂ ಹಚ್ಚಲಿಲ್ಲ. ಜನ ಬಂದರು, ಅತ್ತರು, ಹೋದರು. ನಾನು ಅಳಲಿಲ್ಲ ಎಂದು ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು. ಎಲ್ಲರೂ ಹೋದ ಮೇಲೆ ಮಂಚದ ಮೇಲೆ ಕೂತು ಗೋಡೆಗೆ ಕೈ ಇಟ್ಟೆ. ತಣ್ಣಗಿತ್ತು. ಯಜಮಾನರ ಪಾದ ಮುಟ್ಟಿದಾಗ ಬಾರದ ಅಳು ನನಗೆ ಆಗ ಬಂತು. ಎದ್ದು ಪಕ್ಕದ ಮನೆಯ ಬಾಗಿಲು ಬಡಿದೆ.

“ಅಣ್ಣಾ, ಒಲೆ ಹಚ್ಚಿ.”

“ಇನ್ನೆರಡು ದಿನ ಹೋಗ್ಲಿ ತಂಗಿ. ಜನ ಏನಂತಾರೆ.”

“ಜನ ಏನಾದ್ರೂ ಅನ್ಲಿ. ಗೋಡೆ ತಣ್ಣಗಿದ್ರೆ ಆ ಮನೇಲಿ ನನ್ನ ಕೈಲಿ ಇರೋಕಾಗಲ್ಲ.”

ಅತ್ತಿಗೆ ಎದ್ದು ಸೌದೆ ಒಟ್ಟಲು ಹೋದರು. ಅಂದಿನಿಂದ ನಾನು ಯಜಮಾನರ ಮಂಚದಲ್ಲೇ ಮಲಗುತ್ತೇನೆ. ನನ್ನನ್ನು ಎಬ್ಬಿಸಲು ಈಗ ಆ ಗೋಡೆ ಬಿಟ್ಟರೆ ಯಾರೂ ಇಲ್ಲ. ಇದು ನಿಮ್ಮ ಕಡತದ ಯಾವ ಕಾಲಮ್ಮಿನಲ್ಲಿ ಬರುತ್ತದೆ ಎಂದು ನನಗೆ ತಿಳಿಯದು. ನಷ್ಟವೆಂದು ಬರೆಯಲು ಅದಕ್ಕೆ ಬೆಲೆಯಿಲ್ಲ, ಪರಂಪರೆಯೆಂದು ಬರೆಯಲು ಅದಕ್ಕೆ ಕೆತ್ತನೆಯಿಲ್ಲ.

ನನ್ನ ದುಃಖದ ಮಾತು ಬಿಡಿ. ಮಣ್ಣಿನ ಮಾತಿಗೆ ಬರೋಣ. ಈ ಮಳೆಗಾಲದ ಶುರುವಿನಲ್ಲಿ ನೀವು ಭಟ್ಟಿಗೆ ಬೀಗ ಹಾಕಿಸಿದಿರಿ. ಕಾರಣ? ‘ಹೊಗೆಯಿಂದ ಪಕ್ಕದ ಪಾರಂಪರಿಕ ಕಟ್ಟಡದ ಅಂದ ಕೆಡುತ್ತಿದೆ.’ ನನ್ನ ಮನೆಯನ್ನು ಕಾಪಾಡುವುದಕ್ಕೆ, ನನ್ನನ್ನು ಕೇಳದೆ, ನನ್ನ ಮನೆಯ ಬೆನ್ನಿನ ಬೆಂಕಿ ಆರಿಸಿದಿರಿ. ಮಳೆ ಹಿಡಿಯಿತು. ಮೊದಲು ಗೋಡೆಯ ಬುಡದಲ್ಲಿ ತೇವ ಕಾಣಿಸಿತು, ಆಮೇಲೆ ಮೊಣಕಾಲೆತ್ತರಕ್ಕೆ ಏರಿತು. ಸುಣ್ಣದ ಗಾರೆ ಹಕ್ಕಳೆ ಹಕ್ಕಳೆಯಾಗಿ ಕಳಚಿ ಹತ್ತಿಯ ಮೇಲೆ ಬಿತ್ತು. ಒಂದು ತೊಲೆಯ ತುದಿ ಮೆತ್ತಗಾಗಿ, ದಬ್ಬಣ ಚುಚ್ಚಿದರೆ ಒಳಗೆ ಹೋಗುವಂತಾಯಿತು. ತಲೆತಲಾಂತರದಿಂದ ಮಳೆಗೆ ಜಗ್ಗದ ಗೋಡೆ ನಿಮ್ಮ ಒಂದು ಮಳೆಗಾಲದ ಸಂರಕ್ಷಣೆಗೆ ಜಗ್ಗಿತು.

ಆಗ ನಿಮ್ಮ ಕಚೇರಿಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಅವಳ ಬಗ್ಗೆ ಹೇಳಲೇಬೇಕು, ಯಾಕೆಂದರೆ ಓದಿದವರಿಗೆಲ್ಲ ನಮ್ಮ ಕಷ್ಟ ಅರ್ಥವಾಗುವುದಿಲ್ಲ ಎಂಬ ಸುಲಭದ ದೂರು ನನ್ನದಲ್ಲ. ಅವಳಿಗೆ ಅರ್ಥವಾಗಿತ್ತು. ಎರಡು ಮನೆಯಲ್ಲೂ ಚಪ್ಪಲಿ ಬಿಟ್ಟು ಒಳಗೆ ಬಂದಳು, ತೊಲೆಗಳು ಗೋಡೆಯಲ್ಲಿ ಎಲ್ಲಿ ಕೂತಿವೆ ಎಂದು ಏಣಿ ಹತ್ತಿ ನೋಡಿದಳು, ಬೀಗ ತೆಗೆಸಿ ಭಟ್ಟಿ ಹಚ್ಚಿಸಿದಳು. ಗೋಡೆ ಒಣಗುತ್ತ ಬಂದದ್ದನ್ನು ಮತ್ತೆ ಬಂದು ಕೈಯಿಟ್ಟು ನೋಡಿದಳು. “ಅಮ್ಮಾ, ಇವು ಎರಡು ಮನೆ ಅಲ್ಲ, ಒಂದೇ ಕಟ್ಟಡ. ಉಳಿಸಿದ್ರೆ ಎರಡನ್ನೂ ಉಳಿಸ್ಬೇಕು, ನಾನು ಹಾಗೇ ಬರೀತೀನಿ” ಎಂದಳು. ಹಾಗೆಯೇ ಬರೆದಳು ಕೂಡ. ಈಗ ಅವಳು ಉದ್ಯಾನ ವಿಭಾಗದಲ್ಲಿ ಕಾರಂಜಿಗಳನ್ನು ನೋಡಿಕೊಳ್ಳುತ್ತಿದ್ದಾಳಂತೆ. ನೀರು ಮೇಲಕ್ಕೆ ಹಾರಿ ಕೆಳಕ್ಕೆ ಬೀಳುತ್ತಿದೆಯೇ ಎಂದು ನೋಡುವುದು. ಅಲ್ಲಿ ಅವಳು ಯಾವ ಸತ್ಯ ಬರೆದರೂ ಯಾರಿಗೂ ತೊಂದರೆಯಿಲ್ಲ.

ಆಮೇಲೆ ಅಹವಾಲು ಸಭೆ ಕರೆದಿರಿ. ನೀವು ಬರಲಿಲ್ಲ, ನಿಮ್ಮ ಪರವಾಗಿ ಒಬ್ಬ ಅಧಿಕಾರಿ ಬಂದಿದ್ದರು. ಭಟ್ಟಿ ಅಣ್ಣ ಎದ್ದು, “ಮಧ್ಯಕ್ಕೆ ಕುಯ್ಯೋಕೆ ಇದೇನು ಬನ್ನಾ ಸಾರ್, ಬೆಣ್ಣೆ ಹಚ್ಚಿ ಎರಡೂ ಕಡೆಯೋರಿಗೆ ಕೊಡೋಕೆ?” ಎಂದು ಕೇಳಿದರು. ಸಭೆ ನಕ್ಕಿತು, ಅಧಿಕಾರಿ ನಗಲಿಲ್ಲ. ನನ್ನ ಕಡೆ ತಿರುಗಿದರು.

“ಅಮ್ಮಾ, ನಿಮ್ಮ ಮನೆ ಉಳೀತಲ್ಲ. ನಿಮಗೇನು ಕಷ್ಟ?”

“ಪಕ್ಕದ ಮನೆ ಹೋದ್ರೆ ನಮ್ಮನೆ ನಿಲ್ಲಲ್ಲ ಸಾರ್.”

“ಅದಕ್ಕೆ ಕಬ್ಬಿಣದ ಊರುಗೋಲು ಕೊಡ್ತೀವಿ. ಆದ್ರೆ ಒಂದು ಮಾತು. ನಿಮ್ಮ ಯಜಮಾನ್ರನ್ನ ಹಾಸಿಗೇಲಿ ಹೊತ್ಕೊಂಡು ಹೋದ್ರಂತೆ. ಈ ಬೀದಿ ಅಗಲ ಇದ್ದಿದ್ರೆ ಆಂಬುಲೆನ್ಸ್ ಬಾಗಿಲಿಗೇ ಬರ್ತಿತ್ತು. ಇನ್ನೊಂದಷ್ಟು ವರ್ಷ ಬದುಕ್ತಿದ್ರೇನೋ. ಅಂಥ ಬೀದೀನ ಉಳಿಸಿ ಅಂತೀರಲ್ಲಮ್ಮಾ?”

ನಾನು ಕೂತುಬಿಟ್ಟೆ. ಮಾತು ಬಾರದವಳ ಬಾಯಿಗೆ ಅವರು ಚೆನ್ನಾಗಿಯೇ ಬಟ್ಟೆ ತುರುಕಿದರು.

ಮಾನ್ಯರೇ, ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಎಷ್ಟು ಹೊತ್ತು ಯಜಮಾನರು ಆ ಓಣಿಯಲ್ಲಿ ಹಾಸಿಗೆಯ ಮೇಲೆ ಉಸಿರಿಗೆ ಒದ್ದಾಡಿದರು ಎಂಬುದು ಪಕ್ಕದಲ್ಲಿ ಓಡುತ್ತಿದ್ದ ನನಗೆ ಗೊತ್ತು. ಆಂಬುಲೆನ್ಸ್ ಬಾಗಿಲಿಗೆ ಬಂದಿದ್ದರೆ ಏನಾಗುತ್ತಿತ್ತೋ, ನನಗೆ ತಿಳಿಯದು. ಡಾಕ್ಟರಿಗೂ ತಿಳಿಯದು, ಕೇಳಿದ್ದೇನೆ. ಅಭಿವೃದ್ಧಿ ಬೇಡ ಎಂದು ಹೇಳುವ ಹಕ್ಕು ನನ್ನಂಥವಳಿಗಿಲ್ಲ. ನಮಗೆ ಅಗಲವಾದ ದಾರಿ ಬೇಕು. ಕೊಡ ಹೊರದೆ ಸಿಗುವ ನೀರು ಬೇಕು. ಮಳೆಗೆ ಉಕ್ಕದ ಚರಂಡಿ ಬೇಕು. ಸಂಜೆ ಹೊತ್ತು ಯಾರಾದರೂ ಕುಸಿದು ಬಿದ್ದರೆ ಬಾಗಿಲಿಗೆ ಬರುವ ಗಾಡಿ ಬೇಕು. ಹಳೆಯದೆಲ್ಲ ಚೆಂದ ಎಂದು ಹೇಳುವವರು ಸಾಮಾನ್ಯವಾಗಿ ಹೊಸ ಮನೆಯಲ್ಲಿ ಇರುವವರು. ಆದರೆ ನಿಮ್ಮ ಯೋಜನೆಯಲ್ಲಿ ಆ ಗಾಡಿ ಬಾಗಿಲಿಗೆ ಬರುತ್ತದೆಯೇ? ನಕ್ಷೆಯನ್ನು ನಾನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಬೀದಿ ಎಲ್ಲಿ ಇಕ್ಕಟ್ಟೋ ಅಲ್ಲಿ ಹಾಗೇ ಇಕ್ಕಟ್ಟಾಗಿ ಉಳಿದಿದೆ. ಏಕೆಂದರೆ ಅಂದು ಆಂಬುಲೆನ್ಸಿಗೆ ಅಡ್ಡ ಬಂದದ್ದು ಭಟ್ಟಿಯಲ್ಲ, ಉಳಿದ ಮನೆಗಳೂ ಅಲ್ಲ. ಬೀದಿಯ ಬಾಯಲ್ಲಿ ಹೊರಚಾಚಿ ನಿಂತ ನನ್ನದೇ ಜಗಲಿ, ನೀವು ಮುಟ್ಟಬಾರದೆಂದು ಫಲಕ ಹಾಕಿದ ನನ್ನದೇ ಕಂಬಗಳು. ವಾಹನ ನಿಲ್ದಾಣಕ್ಕೆ ಹಿಂದಿನ ರಸ್ತೆಯಿಂದ ದಾರಿ ಮಾಡಿಕೊಂಡಿದ್ದೀರಿ. ನೋಡಲು ಬರುವವರ ಕಾರುಗಳಿಗೆ ದಾರಿಯಿದೆ, ಇರುವವರ ಆಂಬುಲೆನ್ಸಿಗೆ ಇಲ್ಲ.

ನಿಲ್ದಾಣ ಬೇಕೇಬೇಕು ಎಂದರೆ ನಮ್ಮ ಸಾಲಿನ ಹಿಂದೆ ನಿಮ್ಮದೇ ಹಳೆಯ ಗೋದಾಮು ಬೀಗ ಜಡಿದುಕೊಂಡು ಬಿದ್ದಿದೆ. ಅದರ ಮಾಡು ಕುಸಿದು, ಒಳಗೆ ಮುಳ್ಳುಗಿಡ ಬೆಳೆದು, ನಾಯಿಗಳು ಸಂಸಾರ ಹೂಡಿವೆ. ಅಲ್ಲಿ ಯಾಕೆ ಕಟ್ಟಬಾರದು ಎಂದು ಕೇಳಿದ್ದಕ್ಕೆ ಆ ಜಾಗ ‘ಭವಿಷ್ಯದ ಅಗತ್ಯಕ್ಕೆ ಕಾಯ್ದಿರಿಸಲಾಗಿದೆ’ ಎಂದಿರಿ. ಭವಿಷ್ಯಕ್ಕೆ ಜಾಗ ಕಾಯ್ದಿರಿಸಿದ್ದೀರಿ, ಭೂತಕಾಲಕ್ಕೆ ಕಂಬ ಕಾಯ್ದಿರಿಸಿದ್ದೀರಿ. ಇವತ್ತು ಬದುಕಿರುವವರಿಗೆ ಏನು ಇಟ್ಟಿದ್ದೀರಿ?

ಕೊನೆಗೆ ಮೊನ್ನೆ ನಿಮ್ಮ ಉತ್ತರ ಬಂತು. ಸೀಳಿದ ಗೋಡೆಗೆ ಸಿಮೆಂಟು ಮೆತ್ತಿಸುತ್ತೀರಂತೆ. ನಿಲ್ದಾಣದ ಕಡೆಗೆ ಕಾಣುವ ಮೈಮೇಲೆ ಪ್ರಸಿದ್ಧ ಕಲಾವಿದರಿಂದ ಹಳೇ ಬೀದಿಯ ದೊಡ್ಡ ಚಿತ್ರ ಬರೆಸುತ್ತೀರಂತೆ. ಅದರಲ್ಲಿ ಭಟ್ಟಿಯೂ ಇರುತ್ತದಂತೆ, ಭಟ್ಟಿಯ ಮುಂದೆ ಬ್ರೆಡ್ಡು ಹಿಡಿದು ನಗುವ ಮನುಷ್ಯನೂ ಇರುತ್ತಾನಂತೆ. ಉತ್ತರವನ್ನು ಭಟ್ಟಿ ಅಣ್ಣನಿಗೆ ಓದಿ ಹೇಳಿದೆ. ಅವರು ಕೈಯ ಹಿಟ್ಟು ಒರೆಸಿಕೊಂಡು, “ಚಿತ್ರದಲ್ಲಿ ನನ್ನ ಹೊಟ್ಟೆ ಸ್ವಲ್ಪ ಕಮ್ಮಿ ಮಾಡೋಕೆ ಹೇಳು ತಂಗಿ” ಎಂದರು. ಅತ್ತಿಗೆ ಎದ್ದು ಒಳಗೆ ಹೋದರು. ಬಣ್ಣದ ಭಟ್ಟಿಯಿಂದ ಗೋಡೆ ಒಣಗುತ್ತದೆಯೇ, ಮಾನ್ಯರೇ? ಸಿಮೆಂಟು ಮೆತ್ತಿದ ಮಣ್ಣಿನ ಗೋಡೆಯೊಳಗಿನ ತೇವ ಹೊರಗೆ ಹೋಗುವುದಾದರೂ ಎಲ್ಲಿಂದ? ಬೇಕಾದರೆ ಕಾರಂಜಿಯ ಹತ್ತಿರ ಇರುವ ನಿಮ್ಮ ಇಂಜಿನಿಯರನ್ನೇ ಕೇಳಿ.

ನನ್ನ ಬೇಡಿಕೆ ಇಷ್ಟು. ನಿಮಗೆ ಬೇಕಾದ್ದು ಕಂಬ, ನನಗೆ ಬೇಕಾದ್ದು ಗೋಡೆ. ಅದಲು ಬದಲು ಮಾಡಿಕೊಳ್ಳೋಣ. ನನ್ನ ಜಗಲಿಯನ್ನು ತೆಗೆದುಕೊಳ್ಳಿ. ಕಂಬಗಳನ್ನು ಬಿಡಿಸಿ ನಿಮ್ಮ ವಸ್ತುಸಂಗ್ರಹಾಲಯದಲ್ಲಿ, ನಿಮ್ಮ ಕಚೇರಿಯಲ್ಲಿ, ಎಲ್ಲಿ ಬೇಕಾದರೂ ನಿಲ್ಲಿಸಿ, ಒಂದು ಕಾಸೂ ಪರಿಹಾರ ಬೇಡ. ಅವುಗಳಿಗೆ ಪ್ರತಿ ವರ್ಷ ಎಣ್ಣೆ ಸವರುತ್ತಿದ್ದವರು ಯಜಮಾನರು. ನನಗೆ ನೋವಿಲ್ಲವೆಂದು ತಿಳಿಯಬೇಡಿ. ಜಗಲಿ ಹೋದರೆ ಬೀದಿಯ ಬಾಯಿ ಅಗಲವಾಗುತ್ತದೆ, ಆಂಬುಲೆನ್ಸು ಒಳಗೆ ಬರುತ್ತದೆ. ನಿಮ್ಮ ಅಧಿಕಾರಿ ನನ್ನನ್ನು ಕೇಳಿದ ಪ್ರಶ್ನೆಗೆ ನನ್ನಿಂದಾಗುವ ಉತ್ತರ ಇದೊಂದೇ. ಬದಲಿಗೆ ಆ ಕೆಂಪು ಗೆರೆಯನ್ನು ಅಳಿಸಿ, ಭಟ್ಟಿಯನ್ನೂ ಅದರಾಚೆಯ ಸಾಲನ್ನೂ ಉಳಿಸಿ, ನಿಲ್ದಾಣವನ್ನು ಗೋದಾಮಿನ ಜಾಗದಲ್ಲಿ ಕಟ್ಟಿ. ಅದೆಲ್ಲ ಒಂದೇ ದಿನದಲ್ಲಿ ಆಗದು ಎಂದು ಗೊತ್ತು. ಗುರುವಾರದ ಯಂತ್ರವನ್ನು ನಿಲ್ಲಿಸುವುದು ಮಾತ್ರ ನಿಮ್ಮ ಒಂದು ಸಹಿಯಿಂದ ಆಗುತ್ತದೆ.

ಆಗದಿದ್ದರೆ ಒಂದು ವಿಷಯ ತಿಳಿದಿರಲಿ. ಭಟ್ಟಿ ಅಣ್ಣನ ಮನೆಗೆ, ಅದರಾಚೆಯ ಎಲ್ಲ ಮನೆಗಳಿಗೆ, ಊರ ಹೊರಗಿನ ವಸತಿಗೃಹದಲ್ಲಿ ಒಂದೊಂದು ಕೋಣೆ ಕೊಟ್ಟಿದ್ದೀರಿ. ಬುಧವಾರವೇ ಖಾಲಿ ಮಾಡಿ ಎಂದು ಅವರಿಗೆಲ್ಲ ನೋಟಿಸು ಬಂದಿದೆ. ನನಗೆ ಕೋಣೆಯೂ ಇಲ್ಲ, ನೋಟಿಸೂ ಇಲ್ಲ. ಕೇಳಲು ಹೋದಾಗ, “ನಿಮ್ಮದು ಉಳಿಸೋ ಮನೆ ಅಮ್ಮಾ, ನೀವ್ಯಾಕೆ ಖಾಲಿ ಮಾಡ್ಬೇಕು?” ಎಂದು ವಾಪಸು ಕಳಿಸಿದರು. ಆದ್ದರಿಂದ ಗುರುವಾರ ಬೆಳಿಗ್ಗೆ ಯಂತ್ರ ಆ ಗೋಡೆಗೆ ಹಲ್ಲು ಹಾಕುವಾಗ ನಾನು ಅದರ ಈಚೆಗಿನ ಮಂಚದಲ್ಲಿ ಇರುತ್ತೇನೆ. ಇದು ಬೆದರಿಕೆಯಲ್ಲ, ಹಟವೂ ಅಲ್ಲ. ಹೋಗುವುದಕ್ಕೆ ನನಗೆ ಬೇರೆ ಜಾಗವಿಲ್ಲ, ನಿಮ್ಮ ಕಾಗದಗಳ ಪ್ರಕಾರ ಹೋಗುವ ಅಗತ್ಯವೂ ಇಲ್ಲ.

ಇಂತಿ,
ತಮ್ಮಿಂದ ಸಂರಕ್ಷಣೆಗೆ ಒಳಪಟ್ಟಿರುವ,
ಬೀದಿಯ ಬಾಯಿಯ ಹಾಸಿಗೆಯವಳು